ಶಾವಂತ್ರಕ್ಕ ಸ ಒತ್ತಿದ್ದು

ಇದು ಬಹಳ ಹಿಂದಿನ ಮಾತು, ಕಂಪ್ಯೂಟರ್ ಇದ್ದ ಕೋಣೆಗೆ ಜನ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲದ್ದು. ಒಂದು ಊರು, ಊರಿಗೊಂದು ಕಚೇರಿ, ಕಚೇರಿ ಎದುರಿಗೆ ಅರ್ಜಿ ಬರೆಯುವವರ ಓಣಿ. ಆ ಓಣಿಯಲ್ಲಿ ಶಾವಂತ್ರಕ್ಕ ಅಂತ ಒಬ್ಬ ಟೈಪಿಸ್ಟ್ ಇದ್ದಳಂತೆ. ಅವಳು ಟೈಪ್ ಮಾಡಲು ಕೂತರೆ ಪಕ್ಕದ ಮನೆಯವರು ಮಳೆ ಬಂತು ಅಂತ ಓಡಿ ಹೋಗಿ ಸಂಡಿಗೆ ಎತ್ತುತ್ತಿದ್ದರಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆ ಕಾಲದ ಕಂಪ್ಯೂಟರಿಗೆ ಎರಡು ಬುದ್ಧಿ, ಅದಕ್ಕೆ ಮೋಡ್ ಅನ್ನುತ್ತಿದ್ದರು. ಇಂಗ್ಲಿಷ್ ಬರೆಯುವಾಗ ಒಂದು, ಕನ್ನಡ ಬರೆಯುವಾಗ ಇನ್ನೊಂದು. ಎಸ್ ಅನ್ನುವ ಕೀಯೇ ಕನ್ನಡಕ್ಕೆ ಸ. ಕಂಟ್ರೋಲ್ ಜೊತೆ ಅದನ್ನು ಒತ್ತಿದರೆ ಇಂಗ್ಲಿಷಿನಲ್ಲಿ ಸೇವ್, ಬರೆದದ್ದು ಉಳಿಯುತ್ತಿತ್ತು. ಕನ್ನಡ ಮೋಡಿನಲ್ಲಿ? ಎಲ್ಲವೂ ಕನ್ನಡದಲ್ಲೇ ಇರಲಿ ಅಂತ ಹಟ ಹಿಡಿದ ಯಾವನೋ ಪುಣ್ಯಾತ್ಮ ಅದಕ್ಕೆ 'ಸಾರಿಸು' ಅಂತ ಇಟ್ಟುಬಿಟ್ಟಿದ್ದ. ನೆಲ ಸಾರಿಸಿದ ಹಾಗೆ ಇಡೀ ಪುಟ ಹೋಗುತ್ತಿತ್ತು, ವಾಪಸ್ ತರುವ ದಾರಿಯೇ ಇರಲಿಲ್ಲ. ಹಾಗಾಗಿ ಓಣಿಯವರೆಲ್ಲ ಒತ್ತುವ ಮೊದಲು ಪರದೆಯ ಮೂಲೆಯಲ್ಲಿ ಯಾವ ಮೋಡ್ ಅಂತ ನೋಡುತ್ತಿದ್ದರು. ನೋಡಿದ ಮೇಲೂ ಇನ್ನೊಮ್ಮೆ ನೋಡುತ್ತಿದ್ದರಂತೆ.

ಒಂದು ಮಧ್ಯಾಹ್ನ ಫಕೀರವ್ವ ಅನ್ನುವ ಮುದುಕಿ ಏದುಸಿರು ಬಿಡುತ್ತಾ ಒಳಗೆ ಬಂದಳಂತೆ. ಅವಳ ಮೊಮ್ಮಗಳು ಸಂಗವ್ವನಿಗೆ ಹನ್ನೆರಡು ವರ್ಷ. ಮರುದಿನ ಬೆಳಿಗ್ಗೆ ಮದುವೆ, ಗಂಡಿಗೆ ನಲವತ್ತು. ನಿಲ್ಲಿಸಿ ಅಂತ ಸಾಹೇಬರಿಗೆ ಅರ್ಜಿ ಕೊಡಬೇಕು, ಕಚೇರಿ ಐದಕ್ಕೆ ಮುಚ್ಚುತ್ತದೆ. ಮದುವೆ ಗೊತ್ತು ಮಾಡಿದವನು ಮುದುಕಿಯ ಮಗನೇ, ಹುಡುಗಿಯ ಅಪ್ಪ. ಹೊಸ್ತಿಲು ದಾಟಿದರೆ ಕಾಲು ಮುರಿಯುತ್ತೇನೆ ಅಂದಿದ್ದನಂತೆ.

ಮುದುಕಿ ಹೇಳಿದಳು, ಶಾವಂತ್ರಕ್ಕ ಬರೆದಳು. ಮುದುಕಿಯ ಮುಖ ನೋಡುತ್ತಾ ನೋಡುತ್ತಾ ಮೂಲೆ ನೋಡುವುದನ್ನು ಮರೆತಳು. ಒತ್ತಿದಳು. ಪುಟ ಬೆಳ್ಳಗಾಯಿತು.

ಅಪಶಕುನ ಅಂತ ಫಕೀರವ್ವ ಎದ್ದೇಬಿಟ್ಟಳಂತೆ. ಶಾವಂತ್ರಕ್ಕ ಕೈ ಹಿಡಿದು ಕೂರಿಸಿದಳು. ಗಂಟೆ ನಾಲ್ಕು ದಾಟಿತ್ತು. ಬೇರೆ ಯಾರಾದರೂ ಆಗಿದ್ದರೆ ಗಡಿಬಿಡಿಯಲ್ಲಿ ಮತ್ತೆ ಬರೆಯಲು ಶುರುಮಾಡುತ್ತಿದ್ದರು. ಇವಳು ಬರೆಯಲಿಲ್ಲ. ಯಾವ ಕೀ ಏನು ಮಾಡಬೇಕು ಅನ್ನುವ ಪಟ್ಟಿ ತೆರೆದು ಬದಲಾಯಿಸುತ್ತಾ ಕೂತಳು. ಹೊತ್ತು ಹೋಗುತ್ತಿದೆ ತಾಯಿ ಅಂತ ಮುದುಕಿ ಅಳುತ್ತಿದ್ದಳು.

"ಕಣ್ಣು ಮೋಡ್ ನೋಡ್ತಾವ ಯವ್ವಾ, ಬೆರಳು ನೋಡೂದಿಲ್ಲ," ಅಂದಳಂತೆ ಶಾವಂತ್ರಕ್ಕ. "ಒಂದ ಬೆರಳಿಗೆ ಎರಡು ಕೆಲಸ ಹೇಳಿದ್ರ ಅದು ಮತ್ತ ತಪ್ಪತೈತಿ."

ಕನ್ನಡವಿರಲಿ, ಇಂಗ್ಲಿಷಿರಲಿ, ಕಂಟ್ರೋಲ್ ಜೊತೆ ಸ ಒತ್ತಿದರೆ ಉಳಿಯಬೇಕು, ಹಾಗೆ ಇಟ್ಟಳು. ಸಾರಿಸುವುದನ್ನು ಎರಡೂ ಕೈ ಬಳಸದೆ ಒತ್ತಲಾಗದ ಮೂರು ಕೀಗಳಿಗೆ ಕಟ್ಟಿದಳು. ಆಮೇಲೆ ಬರೆಯತೊಡಗಿದಳು, ಕೇಳಿದ್ದೆಲ್ಲ ಬಾಯಿಪಾಠ ಆಗಿತ್ತಂತೆ.

ಕೊನೆಯ ಸಾಲಿಗೆ ಬಂದಾಗ ಬಾಗಿಲಲ್ಲಿ ಮೋಟಾರ್ ಸೈಕಲ್ ನಿಂತಿತು. ಮುದುಕಿಗೆ ಆ ಸದ್ದು ಗೊತ್ತು. ಅವಳು ಬೀರುವಿನ ಹಿಂದೆ ಸರಿದಳು, ಚಪ್ಪಲಿ ಮಾತ್ರ ಹೊಸ್ತಿಲಲ್ಲೇ ಉಳಿದವು. ಮಗ ಅವುಗಳನ್ನು ದಾಟಿಕೊಂಡೇ ಒಳಗೆ ಬಂದ. ಹೆತ್ತವಳ ಚಪ್ಪಲಿಯ ಗುರುತು ಆ ಭಾಗ್ಯವಂತನಿಗೆ ಇರಲಿಲ್ಲ.

ನಮ್ಮವ್ವ ಬಂದಿದ್ದಳಾ ಅಂತ ಕೇಳುತ್ತಾ ಅವನು ಕಂಪ್ಯೂಟರ್ ನೋಡಲು ಮೇಜು ಸುತ್ತಿಕೊಂಡು ಬರತೊಡಗಿದನಂತೆ. ಶಾವಂತ್ರಕ್ಕ ಪುಟ ಮುಚ್ಚಬೇಕು, ಮುಚ್ಚುವ ಮೊದಲು ಉಳಿಸಬೇಕು. ಕಣ್ಣನ್ನು ಅವನ ಮುಖದಿಂದ ತೆಗೆಯುವಂತಿಲ್ಲ, ತೆಗೆದರೆ ಅದು ಬೀರುವಿನ ಕಡೆ ಹೋಗಿಬಿಡುತ್ತದೆ ಅನ್ನುವ ಭಯ. ಮೂಲೆ ನೋಡಲಿಲ್ಲ, ಕೈ ನೋಡಲಿಲ್ಲ. ಸ ಒತ್ತಿದಳು, ಪುಟ ಮುಚ್ಚಿದಳು.

"ಯಾರೂ ಬಂದಿಲ್ಲಪ್ಪಾ," ಅಂದಳಂತೆ.

ಅವನು ಖಾಲಿ ಪರದೆ ನೋಡಿ ಹೋದ. ಶಾವಂತ್ರಕ್ಕನಿಗೆ ಪುಟ ಮತ್ತೆ ತೆರೆಯುವ ಧೈರ್ಯ ಬರಲಿಲ್ಲವಂತೆ, ಮೋಟಾರ್ ಸೈಕಲ್ ಸದ್ದು ದೂರವಾಗುವವರೆಗೆ ಕೂತೇ ಇದ್ದಳಂತೆ. ತೆರೆದಾಗ ಒಂದಕ್ಷರವೂ ಹೋಗಿರಲಿಲ್ಲ. ಐದಕ್ಕೆ ಮೊದಲು ಅರ್ಜಿ ಸಾಹೇಬರ ಕೈ ಸೇರಿತು, ಸಂಜೆ ಜೀಪು ಹೊರಟಿತು, ಮದುವೆ ನಿಂತಿತು. ಸಾಹೇಬರೇ ಹುಡುಗಿಯ ಮೈಯ ಅರಿಶಿನ ತೊಳೆದರು ಅಂತಲೂ ಹೇಳುತ್ತಾರೆ, ಅದು ಸುಳ್ಳು.

ಮರುದಿನವೇ ಓಣಿಯ ಅಷ್ಟೂ ಕಂಪ್ಯೂಟರಿನಲ್ಲಿ ಹಾಗೇ ಮಾಡಿದರಂತೆ. ಈಗಲೂ ಆ ಓಣಿಯಲ್ಲಿ ಹೊಸಬರು ಕೆಲಸಕ್ಕೆ ಬಂದರೆ ಪರದೆಗೆ ಬಟ್ಟೆ ಮುಚ್ಚುತ್ತಾರೆ. ಯಾವ ಮೋಡ್ ಅಂತ ಹೇಳುವುದಿಲ್ಲ. ಒಂದು ಸಾಲು ಬರೆದು ಸ ಒತ್ತು ಅನ್ನುತ್ತಾರೆ, ಅಷ್ಟೇ. ನಾನೂ ಒತ್ತಿದ್ದೇನೆ. ಬಟ್ಟೆ ತೆಗೆಯುವವರೆಗೆ ಬೆನ್ನ ಹಿಂದೆ, ಬೀರುವಿನ ಮರೆಯಲ್ಲಿ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ ಅನ್ನಿಸಿತು, ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.