ಹನ್ನೊಂದನೆಯ ಕೈ

“ಕೇಳಿರಿ, ಕೇಳಿರಿ! ಬಿಟ್ಟಿ ದುಡಿಮೆ ನಿಲ್ಲಿಸಲೆಂದು ರಾಣಿ ಹೊನ್ನಾಜಿಯವರು ತಂದ ಕಾನೂನು ನಾಯಕರ ಸಭೆಯಲ್ಲಿ ಬಿದ್ದುಹೋಗಿದೆ. ಅದು ಸತ್ತ ಬಗೆಯನ್ನು ಕುರಿತ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೆ ತಲೆದಂಡ!”

ಡಂಗುರ ಹೊಳೆಯ ದಡಕ್ಕೂ ಕೇಳಿಸಿತು. ಹರಿಗೋಲಿನ ಬೊಮ್ಮ ಹುಟ್ಟು ಹಾಕುವುದನ್ನೇ ಮರೆತ. ಅವನ ತಮ್ಮ ಕೋಟೆಯಲ್ಲಿ ಬಿಟ್ಟಿಗೆ ಕಲ್ಲು ಹೊರುತ್ತಿದ್ದ. ಕಾನೂನು ಗೆದ್ದಿದ್ದರೆ ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಿದ್ದ.

ಅರಮನೆಯಲ್ಲಿ ರಾಣಿ ಮೂರನ್ನೂ ಒಟ್ಟಿಗೇ ಮುಂದಿಟ್ಟಳು. “ಹತ್ತು ಜನ ಬೇಕೆಂದರು, ಇಬ್ಬರೇ ಬೇಡವೆಂದರು, ಆದರೂ ಬೇಡವೇ ಗೆದ್ದದ್ದು ಹೇಗೆ? ಬಾಯಿಲ್ಲದೆ ಬೇಡವೆಂದದ್ದು ಯಾವುದು? ಕೈಯನ್ನೇ ಎತ್ತದೆ ನನ್ನ ಕಾನೂನನ್ನು ಕೊಂದವರು ಯಾರು?”

ನೆರೆಯ ನಾಡಿನ ಯುವರಾಜ ಮೀಸೆ ತಿರುವಿದ. “ಎಣಿಸಿದವನೇ ಕಳ್ಳ!”

“ಎಣಿಕೆ ಸರಿಯಾಗೇ ಇತ್ತು,” ಎಂದಳು ರಾಣಿ. ಭಟರು ಅವನನ್ನು ಎಳೆದೊಯ್ದರು.

ಆಸ್ಥಾನದ ಪಂಡಿತ ಮೊದಲನೆಯದನ್ನು ಬಿಡಿಸಿದ. “ಸಭೆಗೆ ಇಪ್ಪತ್ತೊಂದು ಪೀಠ. ಬಂದವರು ಎಷ್ಟೇ ಇರಲಿ, ಹನ್ನೊಂದು ಕೈ ಏಳದೆ ಕಾನೂನಿಲ್ಲ.” ಎರಡನೆಯದಕ್ಕೆ, “ಮೂಗರು, ಮಹಾತಾಯಿ,” ಎಂದ. ಅವನೂ ಯುವರಾಜನ ಹಿಂದೆಯೇ ಹೋದ.

ಬೊಮ್ಮ ಮುಂದೆ ಬಂದಾಗ ನಾಯಕರ ಸಾಲಿನಿಂದ ದೇಪ ನಾಯಕ ನಕ್ಕ. ಸಭೆಯ ದಿನ ಅವನು ಜ್ವರವೆಂದು ಹೇಳಿಕಳಿಸಿ ಬಂದಿರಲಿಲ್ಲ. ಇವತ್ತಿಗೂ ಶಾಲು ಬಿಗಿದುಕೊಂಡಿದ್ದ. “ಏಯ್ ಬೊಮ್ಮಾ, ಇದೇನು ಹೊಳೆ ದಾಟಿಸಿದ ಹಾಗೆ ಅಂದುಕೊಂಡೆಯೇನೋ?”

“ಹೆಚ್ಚುಕಡಿಮೆ ಹಾಗೇ, ದಣಿ.” ಬೊಮ್ಮ ರಾಣಿಗೆ ಕೈಮುಗಿದ. “ಹರಿಗೋಲಿನಲ್ಲಿ ಒಂದು ಕಡೆ ಯಾರೂ ಕೂರದಿದ್ದರೆ ಅದು ಮಗ್ಗುಲಾಗುತ್ತೆ, ತಾಯಿ. ಕೂರದವರೂ ವಾಲಿಸುತ್ತಾರೆ. ಬಾಯಿಲ್ಲದೆ ಬೇಡವೆಂದದ್ದು ಖಾಲಿ ಪೀಠ.”

“ಮೊದಲನೆಯದು? ಪಂಡಿತರ ಮಾತನ್ನೇ ಒಪ್ಪಿಸುತ್ತೀಯಾ?”

“ಅವರಿಗಿಂತ ಮೊದಲೇ ನನಗೆ ಹೇಳಿದವರಿದ್ದಾರೆ. ‘ಹತ್ತು ಕೈ ಆಗಿವೆ, ಹನ್ನೊಂದನೆಯದು ನನ್ನದು ಕಣೋ. ನಿನ್ನ ತಮ್ಮ ಮನೆಗೆ ಬಂದ ಅಂತಲೇ ತಿಳಿ’ ಎಂದು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು.” ಅವನು ದೇಪ ನಾಯಕನ ಕಡೆ ತಿರುಗಿದ. “ಸಭೆಯ ದಿನ ಬೆಳಿಗ್ಗೆ ಎಲೆಅಡಿಕೆ ಜಗಿಯುತ್ತ ಹರಿಗೋಲು ಹತ್ತಿದರು. ಸಭೆ ಇಲ್ಲವೇ ದಣಿ ಅಂದೆ. ‘ಮುಂದಕ್ಕೆ ಹೋಯಿತು’ ಅಂದರು. ಮಾವನ ಮನೆಯ ಊಟಕ್ಕೆ ಹೊರಟಿದ್ದರು. ಜ್ವರ ಇರಲಿಲ್ಲ, ತಾಯಿ. ಆಚೆ ದಡಕ್ಕೆ ದಾಟಿಸಿದವನು ನಾನೇ. ನನ್ನ ತಮ್ಮನ ಬಿಡುಗಡೆಯನ್ನು ನಾನೇ ಹುಟ್ಟು ಹಾಕಿ ದಾಟಿಸಿಬಿಟ್ಟೆ.”

ದೇಪ ನಾಯಕನ ಹೆಗಲಿಂದ ಶಾಲು ಜಾರಿತು.

“ನಿನ್ನ ಗದ್ದೆಯಲ್ಲೂ ಬಿಟ್ಟಿ ಆಳುಗಳೇ ಅಲ್ಲವೇ, ನಾಯಕಾ?” ಎಂದಳು ರಾಣಿ. “ಬೇಡವೆಂದು ಎದುರಿಗೇ ಹೇಳಿದ ಇಬ್ಬರ ಮೇಲೆ ನನಗೆ ಸಿಟ್ಟಿಲ್ಲ. ನೀನು ನನ್ನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟವನು.” ಬೊಮ್ಮನ ಕಡೆ ತಿರುಗಿದಳು. “ಏನು ಬೇಕು, ಕೇಳು.”

“ದಣಿಯ ಆ ಪೀಠ.”

ಬೊಮ್ಮ ಅದರಲ್ಲಿ ಕೂತ. ಕಾನೂನನ್ನು ಮತ್ತೆ ಓದಿದರು. ಹತ್ತು ಕೈ ಎದ್ದವು. ಹುಟ್ಟು ಹಿಡಿದು ಜಡ್ಡುಗಟ್ಟಿದ ಹನ್ನೊಂದನೆಯದೂ ಎದ್ದಿತು.

ಸಂಜೆ ಹೊಳೆಯ ದಡದಲ್ಲಿ ದೇಪ ನಾಯಕ ಒಬ್ಬನೇ ನಿಂತಿದ್ದ. “ಬೊಮ್ಮಾ, ಮಾವನ ಮನೆಗೆ ಹೋಗಬೇಕು. ದಾಟಿಸೋ.”

“ಇವತ್ತು ಜಾಗವಿಲ್ಲ, ದಣಿ,” ಎಂದ ಬೊಮ್ಮ ಖಾಲಿ ಹರಿಗೋಲನ್ನು ಕೋಟೆಯ ಕಡೆ ತಿರುಗಿಸಿದ. “ತಮ್ಮ ಬರುತ್ತಾನೆ.”