ಕದವಿಲ್ಲದ ದಿನ್ನೆ

ಹಿರೇಗೊಣ್ಣಾಗರದ ಪಡುವಣಕ್ಕೆ, ಹೊಲದ ಬದುವಿನ ಗುಂಟ ಹೋದರೆ, ನೆಲ ಉದ್ದಕ್ಕೆ ಸೀಳಿಹೋದ ಒಂದು ದಿನ್ನೆ ಸಿಗುತ್ತದೆ. ಸೀಳಿನ ಮೇಲೆ ಹಾಯ್ದುಹೋದ ಹಳೆಯ ಗೋಡೆಯೊಂದರ ಎರಡು ತುಂಡುಗಳು ಈಗ ಒಂದರ ಎದುರು ಒಂದಿಲ್ಲ. ಒಂದು ಬಡಗಣಕ್ಕೆ ಎರಡು ಮೊಳ ಸರಿದು ನಿಂತಿದೆ. ಓದಿದವರು ಬಂದು ಅಳೆದು, ಕೆಳಗೆ ಎರಡು ಬಂಡೆಹಾಸುಗಳು ಒಂದನ್ನೊಂದು ಒತ್ತುತ್ತಿವೆ ಎಂದು ಹೇಳಿಹೋಗಿದ್ದಾರೆ. ಇರಬಹುದು. ಆದರೆ ಊರಿನ ಒಂದು ಮನೆಗೂ ಕದವೇಕಿಲ್ಲ, ಬರೀ ಗೋಣಿತಟ್ಟಿನ ಪರದೆಯೇಕೆ ಎಂದು ಕೇಳಿದರೆ ಅವರ ಅಳತೆಪಟ್ಟಿ ಏನು ಹೇಳೀತು? ಅದಕ್ಕೆ ಹುಲುಗಪ್ಪನ ಕಥೆಯನ್ನೇ ಕೇಳಬೇಕು.

ಹಿಂದೆ ಒಮ್ಮೆ ಊರು ಈ ದಿನ್ನೆಯ ಮೇಲೆಯೇ ಇತ್ತು. ಆಗೊಮ್ಮೆ ಈಗೊಮ್ಮೆ ನೆಲದೊಳಗಿಂದ ಗುಡುಗಿನಂಥ ಸದ್ದು ಬರುತ್ತಿತ್ತು, ಬಾವಿಯ ನೀರು ತುಳುಕುತ್ತಿತ್ತು. ಊರ ಗಡಿ ಕಾಯುವ ದೇವತೆ ಗಡಿಯವ್ವ ತನ್ನ ಸೀಮೆ ಸುತ್ತಲು ಹೊರಟಿದ್ದಾಳೆ, ಕಂಡವರ ಕಣ್ಣು ಹೋಗುತ್ತವೆ ಎಂಬುದು ಊರವರ ನಂಬಿಕೆ. ಸದ್ದು ಕೇಳಿದೊಡನೆ ಹಲಗೆ ಬಾರಿಸುವುದು ಹುಲುಗಪ್ಪನ ಮನೆತನದ ಕೆಲಸ. ಹಲಗೆ ಕೇಳಿದರೆ ಎಲ್ಲರೂ ಒಳಗೆ ಹೋಗಿ ಕದ ಹಾಕಿಕೊಳ್ಳಬೇಕು. ಬಾರಿಸುವವನು ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊರಗಿರಬೇಕು. ಅವನ ಅಪ್ಪನ ಕಾಲದಲ್ಲಿ ಅವ್ವ ಎರಡು ಸಲ ಬಂದು, ಗಡಿಗೆ-ಮಡಕೆ ಅಲುಗಿಸಿ, ಸುಮ್ಮನೆ ಹೋಗಿದ್ದಳು. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬಾರದು ಎಂದು ಹೇಳುವವರು ಅಂದು ಊರಲ್ಲಿ ಯಾರೂ ಇರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಹುಲುಗಪ್ಪನ ಒಬ್ಬಳೇ ಮಗಳು ಸಂಕವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ತಾಯಿಯಿಲ್ಲದ ಅವಳನ್ನು ಅವನೇ ಉಣಿಸಿ ಬೆಳೆಸಿದ್ದ. ಒಂದು ಮಧ್ಯಾಹ್ನ ಅಂಗಾಲಿಗೆ ನೆಲದ ನಡುಕ ತಾಗಿತು. ಎಂದಿಗಿಂತ ಜೋರಾಗಿತ್ತು. ಹಲಗೆ ಬಾರಿಸಿದ, ಊರೆಲ್ಲ ದಡಬಡನೆ ಒಳಸೇರಿತು. ಸಂಕವ್ವ ಮಾತ್ರ ಅಂಗಳದ ಬೇವಿನ ಗಿಡಕ್ಕೆ ಒರಗಿ ಏದುಸಿರು ಬಿಡುತ್ತಿದ್ದಳು.

"ಯಪ್ಪಾ, ಒಳಗ ಕುದಿ ಭಾಳ ಐತಿ, ಉಸುರು ಕಟ್ಟತೈತಿ. ಇಲ್ಲೇ ಮಾರಿ ಮ್ಯಾಲೆ ಸೆರಗ ಹಾಕ್ಕೊಂಡು ಕುಂದರ್ತೀನಿ."

"ಹುಚ್ಚಿ ಹಂಗ ಮಾತಾಡಬ್ಯಾಡ. ಹೊಟ್ಯಾಗಿನ ಕೂಸಿನ ಕಣ್ಣ ಹೋದಾವು. ಒಳಗ ನಡಿ!"

ಕೈಹಿಡಿದು ಒಳಗೆ ಬಿಟ್ಟ. ಮತ್ತೆ ಹೊರಗೆ ಬಂದಾಳೆಂದು ತಾನೇ ಹೊರಗಿನ ಚಿಲಕ ಹಾಕಿ, ಕಣ್ಣು ಕಟ್ಟಿಕೊಂಡು ಬಾರಿಸತೊಡಗಿದ.

ನಾಲ್ಕು ಪೆಟ್ಟು ಬಿದ್ದಿರಬಹುದು, ಐದನೆಯದಕ್ಕೆ ನೆಲವೇ ಎಗರಿತು ಎನ್ನುತ್ತಾರೆ. ಕಲ್ಲುಗೋಡೆ, ಮಣ್ಣಿನ ಮಾಳಿಗೆ ಎಲ್ಲವೂ ಕೂತಲ್ಲೇ ಕುಸಿದವು. ಹುಲುಗಪ್ಪ ಬಟ್ಟೆ ಕಿತ್ತು ನೋಡಿದಾಗ ಊರಿರಲಿಲ್ಲ, ಧೂಳಿತ್ತು. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಬೇವಿನ ಗಿಡದ ಒಂದು ಟೊಂಗೆಯೂ ಮುರಿದಿರಲಿಲ್ಲ. ಮೂರು ದಿನ ಬರಿಗೈಯಲ್ಲಿ ಮಣ್ಣು ತೋಡಿ ಮಗಳನ್ನು ತೆಗೆದ. ಅವಳು ಕದಕ್ಕೆ ಅಂಟಿಕೊಂಡೇ ಇದ್ದಳು.

ಹೊಲದಲ್ಲಿದ್ದು ಉಳಿದವರು ಕೆಳಗಿನ ಬಯಲಿನಲ್ಲಿ ಹೊಸ ಮನೆ ಕಟ್ಟಿದರು. ಹುಲುಗಪ್ಪ ಒಂದೊಂದೇ ಮನೆಗೆ ಹೋಗಿ ಕದ ಕಿತ್ತು, ಹೊತ್ತು ತಂದು ಈ ದಿನ್ನೆಯ ಮೇಲೆ ಒಟ್ಟಿದ. ಊರಗೌಡ ತಡೆದ: "ಅವ್ವನ್ನ ಕಂಡ್ರ ಕಣ್ಣ ಹೋಗತಾವಲ್ಲೋ, ಹುಲುಗ್ಯಾ!"

"ಹೋಗ್ಲಿ ಗೌಡ್ರ. ಕುರುಡಾದ್ರೂ ಮಗಳು ಮಗಳ."

ಗೌಡ ತನ್ನ ಮನೆಯ ಕದವನ್ನು ತಾನೇ ಕಳಚಿಕೊಟ್ಟನಂತೆ.

ಅಂದಿನಿಂದ ಹಲಗೆ ಕೇಳಿದರೆ ಊರವರು ಉಣ್ಣುವ ಗಂಗಾಳ ಬಿಟ್ಟು ಬಯಲಿಗೆ ಬರುತ್ತಾರೆ. ಒಟ್ಟಿದ ಕದಗಳನ್ನು ಗೆದ್ದಲು ತಿಂದು ಎಷ್ಟೋ ಕಾಲವಾಯಿತು. ಹುಲುಗಪ್ಪನ ಮನೆಯದೆಂದು ತೋರಿಸುವ ಕಲ್ಲಿನ ಬಾಗಿಲುವಾಡ ಮಾತ್ರ ಬೇವಿನ ಗಿಡದ ಎದುರಿಗೆ ಓರೆಯಾಗಿ ನಿಂತಿದೆ. ಅದರಲ್ಲೂ ಕದವಿಲ್ಲ. ಮೇಲಿನ ಕೊಂಡಿಯಲ್ಲಿ ತುಕ್ಕು ಹಿಡಿದ ಚಿಲಕವೊಂದು ನೇತಾಡುತ್ತದೆ, ಹೊರಗಿನಿಂದ ಹಾಕಿದ್ದು ಹಾಕಿದಂತೆಯೇ.