ಇನ್ನೂ ಸ್ಪಷ್ಟವಾದ ಚಿತ್ರ

“ಗುರುಗಳೇ, ನಮಗೆ ಬೇಕಾದವರಿಗೆ ಕೊಡುವುದಾದರೆ ಎಲ್ಲಕ್ಕಿಂತ ಒಳ್ಳೆಯದನ್ನೇ ಕೊಡಬೇಕು ಎಂದು ಕಾಯುವುದು ತಪ್ಪೇ?” ಎಂದು ಚೆನ್ನವೀರನೆಂಬ ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಟ್ಟೆ ವರ್ತಕನಿದ್ದ. ಎದುರಿಗೆ ಬಿಚ್ಚಿದ ಮೊದಲ ಥಾನನ್ನು ಅವನು ಎಂದೂ ಕೊಂಡವನಲ್ಲ. ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, “ಇದಕ್ಕಿಂತ ಒಳ್ಳೆಯದು ತೋರಿಸಿ” ಎನ್ನುವನು. ಆ ಗುಣದಿಂದಲೇ ಅಂಗಡಿ ಬೆಳೆದಿತ್ತು. ಗುಣ ಅಂಗಡಿಯಲ್ಲೇ ಉಳಿದಿದ್ದರೆ ಈ ಕತೆ ಇರುತ್ತಿರಲಿಲ್ಲ.

ಅವನಿಗೆ ಅಂಬುಜೆ ಎಂಬ ತಂಗಿಯಿದ್ದಳು. ಮದುವೆಯಾದ ಮರುವರ್ಷವೇ ಜ್ವರ ಬಂದು ತೀರಿಕೊಂಡಳು. ಅವಳ ನಡಿಗೆ, ಅವಳ ನಗು ಉಳಿದದ್ದು ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ಮಾತ್ರ. ತಾಯಿ ಆಗಾಗ ಅದನ್ನು ಹಾಕಿಸಿಕೊಂಡು ನೋಡುತ್ತಿದ್ದಳು. ಒಂದು ದಿನ ಹಳೆಯ ಪ್ಲೇಯರು ಟೇಪನ್ನು ಕಚ್ಚಿಕೊಂಡಿತು. ವರ್ತಕ ಹೇಗೋ ಬಿಡಿಸಿ, ಕ್ಯಾಸೆಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಪದೇಪದೇ ಹಾಕಿದರೆ ಟೇಪು ಹರಿದೀತೆಂದು, ಇನ್ನು ಅದನ್ನು ಒಂದೇ ಸಲ ಓಡಿಸುವುದು, ಆಗಲೇ ಚಿತ್ರವನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಎಂದು ನಿಶ್ಚಯಿಸಿದ. ಹಾಗೆ ಇಳಿಸಲು ಒಂದು ಕ್ಯಾಪ್ಚರ್ ಸಾಧನ ಬೇಕಾಗಿತ್ತು.

ಕಂಪ್ಯೂಟರ್ ಅಂಗಡಿಯವನು ಬೆರಳುದ್ದದ ಒಂದನ್ನು ತೋರಿಸಿ, ಚಿತ್ರ ಸ್ವಲ್ಪ ಮಸುಕು ಎಂದ. ವರ್ತಕ ಬೇಡವೆಂದ. ಕಂಪ್ಯೂಟರಿನ ಒಳಗೆ ಕೂರಿಸುವ ಕಾರ್ಡಿನಲ್ಲಿ ಬಣ್ಣ ಚೆನ್ನಾಗಿತ್ತು, ಆದರೆ ಬೇರೊಂದು ಕ್ಯಾಸೆಟ್ಟು ಹಾಕಿ ಪರೀಕ್ಷಿಸಿದಾಗ ಚಿತ್ರ ನಡುನಡುವೆ ತಡವರಿಸಿತು. ಅದನ್ನೂ ಹಿಂತಿರುಗಿಸಿದ. ಬಲ್ಲವರನ್ನು ಕೇಳಿದ, ಪೇಟೆಪೇಟೆ ತಿರುಗಿದ. ಒಂದು ಒಳ್ಳೆಯದಿದೆ ಎಂದರೆ, ಅದಕ್ಕಿಂತ ಒಳ್ಳೆಯದು ಬರಲಿದೆ ಎನ್ನುವವರು ಎಲ್ಲೆಡೆಯೂ ಇದ್ದರು.

“ಯಾವುದೋ ಒಂದರಲ್ಲಿ ಹಾಕಿಬಿಡಪ್ಪ. ಈಚೆಗೆ ನನಗೆ ಕಣ್ಣು ಮಂಜಾಗ್ತಿದೆ” ಎಂದಳು ತಾಯಿ.

“ಅದಕ್ಕೇ ಅಮ್ಮ, ನಿನಗೆ ಇನ್ನೂ ಸ್ಪಷ್ಟವಾದ ಚಿತ್ರ ಬೇಕಾಗಿರೋದು. ಸ್ವಲ್ಪ ತಡಿ” ಎಂದ ಮಗ. ಅವನು ಪ್ರೀತಿಯಿಂದಲೇ ಹೇಳಿದ್ದು.

ಕೊನೆಗೂ ಅವನ ಮನಸ್ಸೊಪ್ಪುವ ಕ್ಯಾಪ್ಚರ್ ಪೆಟ್ಟಿಗೆಯೊಂದು ಸಿಕ್ಕಿತು. ಅಷ್ಟರಲ್ಲಿ ತಾಯಿಯ ಕಣ್ಣು ಪೂರ್ತಿ ಹೋಗಿತ್ತು. ನರ ಒಣಗಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ಆದರೂ ವರ್ತಕ ಅವಳನ್ನು ಕೈಹಿಡಿದು ತಂದು ಕಂಪ್ಯೂಟರಿನ ಮುಂದೆ ಕೂರಿಸಿದ. ಬೇರೆ ಪ್ಲೇಯರಿನಲ್ಲಿ ಕ್ಯಾಸೆಟ್ಟು ತೊಡಕಿಲ್ಲದೆ ಓಡಿತು. ಅಂಬುಜೆಯ ಮೊಗ್ಗಿನ ಜಡೆಯಲ್ಲಿ ಒಂದೊಂದು ಮೊಗ್ಗೂ ಬೇರೆಬೇರೆಯಾಗಿ ಕಾಣುತ್ತಿತ್ತು. ಅವಳ ದನಿಯಾದರೂ ತಾಯಿಗೆ ಸಿಕ್ಕಬೇಕಿತ್ತು. ಆದರೆ ಆ ಕಾಲದ ಮದುವೆಯ ಕ್ಯಾಸೆಟ್ಟಿನಲ್ಲಿ ಮಾತು ಉಳಿಸುತ್ತಿರಲಿಲ್ಲ, ಉದ್ದಕ್ಕೂ ಹಾಡು ತುಂಬಿಸುತ್ತಿದ್ದರು. ತಾಯಿ ಆ ಹಾಡುಗಳನ್ನೇ ಕೇಳುತ್ತಾ ಕೂತಳು.

“ಈಗ ಏನು ಮಾಡ್ತಿದ್ದಾಳೆ?” ಎಂದು ಕೇಳಿದಳು.

ಸೀರೆಯ ಅಂಚು ನೋಡಿ ನೇಯ್ದ ಊರು ಹೇಳುವ ವರ್ತಕ ಈಗ ಒಂದೇ ಮಾತಿನಲ್ಲಿ, “ನಗ್ತಿದ್ದಾಳೆ ಅಮ್ಮ” ಎಂದ. ಕ್ಯಾಸೆಟ್ಟನ್ನು ಕಾಪಾಡಲು ಹೋಗಿ ತಾಯಿಗೆ ಮಗಳನ್ನು ತಪ್ಪಿಸಿದೆನೆಂಬ ಕೊರಗು ಅವನನ್ನು ಕಡೆಯವರೆಗೂ ಬಿಡಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೆ ಗುರುಗಳೇ, ಮೊದಲು ಸಿಕ್ಕ ಸಾಧನದಲ್ಲಿ ಚಿತ್ರ ಮಸುಕಾಗಿತ್ತಲ್ಲ?” ಎಂದ.

ಗುರುಗಳು ಹೇಳಿದರು: “ಮಸುಕಾಗಿದ್ದರೂ ಹೆತ್ತವಳಿಗೆ ಮಗಳ ಗುರುತು ಸಿಗುತ್ತಿರಲಿಲ್ಲವೇ?”